ಚಪಾತಿ ಬಿಡುವ ಮೊದಲು ರಕ್ತ ಕೊಡಿ

ಮೂರು ವರ್ಷದ ಹೊಟ್ಟೆ ತೊಂದರೆ, ಮುಗಿಯದ ಸುಸ್ತು, ‘ರಿಪೋರ್ಟ್ ಎಲ್ಲಾ ನಾರ್ಮಲ್’ ಎಂಬ ಉತ್ತರ, ಕೊನೆಗೆ ಯಾರೋ ಕೊಟ್ಟ ‘ಗೋಧಿ ಬಿಟ್ಟು ನೋಡಿ’ ಎಂಬ ಸಲಹೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ದಾರಿಯವು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾನಿಗೊಳ್ಳುವ ಸೀಲಿಯಾಕ್ ಕಾಯಿಲೆಯ ಸುತ್ತಲಿನ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ. ಮೂರು ವರ್ಷದಿಂದ ಹೊಟ್ಟೆ ಉಬ್ಬರ, ದಿನಕ್ಕೆ ಮೂರ್ನಾಲ್ಕು ಸಲ ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 8.9 ದಾಟಿಲ್ಲ. ಹೋದ ವರ್ಷ ಎಂಡೋಸ್ಕೋಪಿ ಮಾಡಿ ನಾರ್ಮಲ್ ಅಂದರು, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅಂದರು. ನಾದಿನಿ ಹೇಳಿದಳೆಂದು ಎರಡು ತಿಂಗಳಿಂದ ಗೋಧಿ ಬಿಟ್ಟಿದ್ದೇನೆ, ಅರ್ಧದಷ್ಟು ಆರಾಮ. ಈಗ ಟಿಟಿಜಿ ಪರೀಕ್ಷೆ ಮಾಡಿಸಿದರೆ ನೆಗೆಟಿವ್. ಅಂದರೆ ನನಗೆ ಗ್ಲುಟೆನ್ ತೊಂದರೆ ಇಲ್ಲವೇ? – ಗೃಹಿಣಿ, ರಾಜಾಜಿನಗರ

ಉತ್ತರ: ಆ ನೆಗೆಟಿವ್ ರಿಪೋರ್ಟನ್ನು ನಂಬುವ ಹಾಗಿಲ್ಲ ಮೇಡಂ. ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಹೊಟ್ಟೆಗೆ ಬಿದ್ದಾಗ ದೇಹವು ತನ್ನದೇ ಕರುಳಿನ ಒಂದು ಕಿಣ್ವದ ಮೇಲೆ ಪ್ರತಿಕಾಯ ತಯಾರಿಸುತ್ತದೆ. ಟಿಟಿಜಿ-ಐಜಿಎ ಪರೀಕ್ಷೆ ಅಳೆಯುವುದು ಆ ಪ್ರತಿಕಾಯವನ್ನು. ಗೋಧಿ ನಿಂತರೆ ವಾರ, ತಿಂಗಳುಗಳಲ್ಲಿ ಅದು ಇಳಿಯುತ್ತ ಹೋಗುತ್ತದೆ. ಮಳೆ ನಿಂತು ಎರಡು ದಿನವಾದ ಮೇಲೆ ಅಂಗಳ ಒಣಗಿದೆ ಎಂದು ನೋಡಿ, ಮಳೆಯೇ ಬಂದಿರಲಿಲ್ಲ ಎಂದಂತಾಯಿತು. ‘ಬಿಟ್ಟು ನೋಡಿ’ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ರೋಗಪತ್ತೆಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ.

ಈಗ ಎರಡು ದಾರಿ. ಮೊದಲನೆಯದು ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನ್ ಪರೀಕ್ಷೆ. ಇದಕ್ಕೆ ಗೋಧಿ ತಿನ್ನಬೇಕಿಲ್ಲ. ಎರಡು ಜೀನೂ ಇಲ್ಲವೆಂದು ಬಂದರೆ ಸೀಲಿಯಾಕ್ ಮಾತನ್ನು ಹೆಚ್ಚುಕಡಿಮೆ ಅಲ್ಲಿಗೇ ಬಿಡಬಹುದು. ಇದೆ ಎಂದು ಬಂದರೆ ಕಾಯಿಲೆ ಇದೆ ಎಂದಲ್ಲ. ಮೂರರಲ್ಲೊಬ್ಬರಿಗೆ ಈ ಜೀನ್ ಇರುತ್ತದೆ, ಅವರಲ್ಲಿ ಬಹುಪಾಲು ಜನ ಜೀವನವಿಡೀ ಪೂರಿ ತಿಂದುಕೊಂಡು ಸುಖವಾಗಿರುತ್ತಾರೆ.

ಜೀನ್ ಇದ್ದರೆ ಎರಡನೆಯ ದಾರಿ: ಮತ್ತೆ ಗೋಧಿ ತಿಂದು ಪರೀಕ್ಷೆ ಮಾಡಿಸುವುದು. ಮಧ್ಯಮ ಗಾತ್ರದ ಒಂದು ಚಪಾತಿಗೆ ಸುಮಾರು 30 ಗ್ರಾಂ ಹಿಟ್ಟು, ಅದರಲ್ಲಿ ಎರಡೂವರೆಯಿಂದ ಮೂರು ಗ್ರಾಂ ಗ್ಲುಟೆನ್. ದಿನಕ್ಕೆ ಎರಡು ಚಪಾತಿ ಸಾಕು. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲ ನಾಲ್ಕೈದು ದಿನ ಅರ್ಧರ್ಧದಿಂದ ಶುರು ಮಾಡಿ. ಆರರಿಂದ ಎಂಟು ವಾರ ತಿನ್ನಬೇಕು. ತಡೆಯಲಾಗದಿದ್ದರೆ ಎರಡು ವಾರವಾದರೂ ಕಳೆದ ಮೇಲೆ ವೈದ್ಯರಿಗೆ ತಿಳಿಸಿ ಪರೀಕ್ಷೆಗೆ ಹೋಗಿ. ಗರ್ಭಿಣಿಯಾಗಿದ್ದರೆ ಈ ಪ್ರಯೋಗ ಬೇಡ. ರಕ್ತ ಕೊಡುವಾಗ ಟಿಟಿಜಿ-ಐಜಿಎ ಜೊತೆಗೆ ‘ಟೋಟಲ್ ಐಜಿಎ’ ಅಂತಲೂ ಬರೆಸಿ. ಕೆಲವರ ದೇಹದಲ್ಲಿ ಐಜಿಎ ಎಂಬ ಬಗೆಯ ಪ್ರತಿಕಾಯವೇ ಕಮ್ಮಿ. ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ ನೆಗೆಟಿವ್ ಬರಬಹುದು, ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಬೇಕಾಗುತ್ತದೆ. ಈ ಒಂದು ಸಾಲು ಚೀಟಿಯಲ್ಲಿ ಇಲ್ಲದ್ದರಿಂದ ಎಷ್ಟೋ ಜನ ವರ್ಷಗಟ್ಟಲೆ ಅಲೆದಿದ್ದಾರೆ.

ಎಂಡೋಸ್ಕೋಪಿ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ಓದಿ. ‘ಬಯಾಪ್ಸಿ’ ಎಂಬ ಪದ ಇದೆಯೇ? ಇದ್ದರೆ ಎಲ್ಲಿಂದ ತೆಗೆದದ್ದು? ಜಠರದಿಂದ ಒಂದು ಚೂರು ತೆಗೆದು ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಿದ್ದರೆ ಅದು ಬೇರೆ ವಿಷಯ. ಸೀಲಿಯಾಕ್‌ನಲ್ಲಿ ಸಣ್ಣ ಕರುಳಿನ ಶುರುವಿನ ಭಾಗ, ಅಂದರೆ ಡುಯೋಡಿನಂ, ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಹಾನಿ ಕಾಣುವುದು ಸೂಕ್ಷ್ಮದರ್ಶಕದಲ್ಲಿ. ಅದೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ತೇಪೆ ತೇಪೆಯಾಗಿರುತ್ತದೆ. ಅದಕ್ಕೇ ಡುಯೋಡಿನಂನ ಎರಡನೇ ಭಾಗದಿಂದ ಕನಿಷ್ಠ ನಾಲ್ಕು ಚೂರು, ಜಠರದ ಪಕ್ಕದ ಮೊದಲ ಭಾಗವಾದ ಬಲ್ಬ್‌ನಿಂದ ಒಂದೆರಡು, ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಕಳಿಸಬೇಕು. ಮತ್ತೆ ಸ್ಕೋಪಿ ಮಾಡುವುದಾದರೆ ಮುಂಚೆಯೇ ಕೇಳಿ: ‘ಡಾಕ್ಟ್ರೇ, ಡುಯೋಡಿನಂ ಬಯಾಪ್ಸಿ ತೆಗೀತೀರಾ, ಎಷ್ಟು ಕಡೆಯಿಂದ?’ ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಪರವಾಗಿಲ್ಲ.

ಗ್ಲುಟೆನ್ ಒಂದನ್ನೇ ಹಿಡಿದು ಕೂರಬೇಡಿ. ಮಾತ್ರೆ ನುಂಗಿಯೂ ಏರದ ಹಿಮೋಗ್ಲೋಬಿನ್‌ಗೆ ಮೂರು ಕಾರಣ ಹುಡುಕಬೇಕು: ರಕ್ತ ಹೋಗುತ್ತಿದೆ, ಕಬ್ಬಿಣ ಹೀರಿಕೆಯಾಗುತ್ತಿಲ್ಲ, ಅಥವಾ ತೆಗೆದುಕೊಳ್ಳುವ ರೀತಿ ತಪ್ಪು. ಮುಟ್ಟು ಎಷ್ಟು ದಿನ, ದಿನಕ್ಕೆಷ್ಟು ಪ್ಯಾಡ್ ಎಂದು ಬರೆದುಕೊಂಡು ಹೋಗಿ. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೆ ಕಬ್ಬಿಣ ನುಂಗಿದರೆ ಬಹುಪಾಲು ಹಾಗೇ ಹೊರಹೋಗುತ್ತದೆ. ನಡುವೆ ಎರಡು ಗಂಟೆ ಅಂತರವಿರಲಿ. ‘ಗ್ಯಾಸ್ಟ್ರಿಕ್’ ಮಾತ್ರೆಯನ್ನು ವರ್ಷಗಟ್ಟಲೆ ತಿಂದರೂ ಕಬ್ಬಿಣ, ಬಿ12 ಎರಡರ ಹೀರಿಕೆ ತಗ್ಗುತ್ತದೆ. ರಕ್ತಕ್ಕೆ ಬರೆಸಬೇಕಾದದ್ದು: ಸಿಬಿಸಿ, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್), ಸಕ್ಕರೆ, ಲಿವರ್ ಕಿಣ್ವಗಳು. ಮಲಕ್ಕೆ: ಜಿಯಾರ್ಡಿಯಾ (ಕರುಳಿನ ಪರೋಪಜೀವಿ) ಮತ್ತು ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಗುರುತು). ಇನ್ನೊಂದು ಮಾತು, ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ಅಡ್ಡದಾರಿ ಹಿಡಿಸುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ವೈದ್ಯರ ಎದುರು ಕೂತಾಗ ಸಿಗುವುದು ಹತ್ತು ನಿಮಿಷ. ದಪ್ಪ ಫೈಲ್ ಅವರ ಮುಂದೆ ಇಟ್ಟರೆ ಅದರಲ್ಲಿ ಏಳು ನಿಮಿಷ ಹಾಳೆ ತಿರುವುವುದಕ್ಕೇ ಹೋಗುತ್ತದೆ. ಒಂದೇ ಹಾಳೆ ಮಾಡಿ: ಯಾವ ತಿಂಗಳಲ್ಲಿ ಏನು ಶುರುವಾಯಿತು, ತೂಕ ಆಗ ಎಷ್ಟು, ಈಗ ಎಷ್ಟು, ಪ್ರತಿ ವರ್ಷದ ಹಿಮೋಗ್ಲೋಬಿನ್ ಮತ್ತು ಫೆರಿಟಿನ್, ತಿನ್ನುವ ಎಲ್ಲ ಮಾತ್ರೆ (ಆಯುರ್ವೇದದ್ದೂ ಸೇರಿ), ಗೋಧಿ ಬಿಟ್ಟ ತಾರೀಖು, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಅಥವಾ ಚಿಕ್ಕ ವಯಸ್ಸಿನ ಸಕ್ಕರೆ ಕಾಯಿಲೆ ಇದೆಯೇ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮಲದಲ್ಲಿ ರಕ್ತ, ತಾನಾಗಿ ಇಳಿದ ತೂಕ, ಸಂಜೆ ಜ್ವರ – ಇವುಗಳಲ್ಲಿ ಯಾವುದಿದ್ದರೂ ಮೊದಲ ಸಾಲಿನಲ್ಲೇ ಬರೆಯಿರಿ. ಹೀಗಿದ್ದರೆ ‘ಟೆನ್ಷನ್’ ಎಂಬ ಉತ್ತರವನ್ನು ಒಪ್ಪಿಕೊಂಡು ಎದ್ದು ಬರಬೇಡಿ.

ಪ್ರಶ್ನೆ: ನನ್ನ ತಂದೆಗೆ 61. ಐದು ತಿಂಗಳಲ್ಲಿ 9 ಕೆ.ಜಿ. ಇಳಿದಿದ್ದಾರೆ, ನೀರಿನಂಥ ಭೇದಿ. ಬಯಾಪ್ಸಿಯಲ್ಲಿ ‘ವಿಲ್ಲೈ (ಕರುಳಿನ ಒಳಗೋಡೆಯ ಆಹಾರ ಹೀರುವ ಎಳೆಗಳು) ಸವೆದಿದೆ’ ಎಂದಿದೆ, ಟಿಟಿಜಿ ಮಾತ್ರ ನೆಗೆಟಿವ್. ಗೋಧಿ ಪೂರ್ತಿ ನಿಲ್ಲಿಸಿ ಮೂರು ತಿಂಗಳಾಯಿತು, ಏನೂ ಸುಧಾರಣೆ ಇಲ್ಲ. ಬಿ.ಪಿ. ಮಾತ್ರೆ ಬಿಟ್ಟರೆ ಬೇರೆ ಔಷಧ ಇಲ್ಲ. – ಜಯನಗರ 4ನೇ ಬ್ಲಾಕ್

ಉತ್ತರ: ಬಿ.ಪಿ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ‘ಒಲ್ಮೆಸಾರ್ಟನ್’ ಎಂದಿದೆಯೇ? ಈ ಔಷಧಿ ಅಪರೂಪಕ್ಕೆ ಕೆಲವರಲ್ಲಿ ಸೀಲಿಯಾಕ್‌ನಂತೆಯೇ ಕರುಳಿನ ವಿಲ್ಲೈ ಸವೆಸುತ್ತದೆ. ತಿಂಗಳುಗಳೇನು, ವರ್ಷಗಳ ಕಾಲ ಸುಮ್ಮನಿದ್ದು ಆಮೇಲೆ ತೊಂದರೆ ಕೊಡುವುದೂ ಉಂಟು. ಅದಕ್ಕೇ ಯಾರಿಗೂ ಮಾತ್ರೆಯ ಮೇಲೆ ಅನುಮಾನ ಬರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನೀವಾಗಿಯೇ ನಿಲ್ಲಿಸಬೇಡಿ, ಬಿ.ಪಿ. ಏರಿಬಿಟ್ಟೀತು. ಸ್ಟ್ರಿಪ್ ತೋರಿಸಿ ಬೇರೆ ವರ್ಗದ ಮಾತ್ರೆಗೆ ಬದಲಿಸಲು ಕೇಳಿ. ಅದೇ ಕಾರಣವಾಗಿದ್ದರೆ ಕೆಲವು ವಾರಗಳಲ್ಲೇ ಭೇದಿ ಹಿಡಿತಕ್ಕೆ ಬರುತ್ತದೆ.

ಅದಲ್ಲದಿದ್ದರೆ ನಮ್ಮ ಭಾಗದಲ್ಲಿ ಮರೆಯಬಾರದ ಹೆಸರು ಟ್ರಾಪಿಕಲ್ ಸ್ಪ್ರೂ. ಬಯಾಪ್ಸಿಯಲ್ಲಿ ಸೀಲಿಯಾಕ್‌ನ ತಮ್ಮನಂತೆ ಕಾಣುತ್ತದೆ, ಆದರೆ ವಿಲ್ಲೈ ಸಾಮಾನ್ಯವಾಗಿ ಪೂರ್ತಿ ಚಪ್ಪಟೆಯಾಗದೆ ಅರ್ಧಂಬರ್ಧ ಸವೆದಿರುತ್ತವೆ. ಬಿ12, ಫೋಲೇಟ್ ಎರಡೂ ಕುಸಿದಿರುತ್ತವೆ. ಗೋಧಿ ಬಿಟ್ಟರೆ ಇದಕ್ಕೆ ಏನೂ ಆಗುವುದಿಲ್ಲ. ವೈದ್ಯರು ಟೆಟ್ರಾಸೈಕ್ಲಿನ್ ಅಥವಾ ಡಾಕ್ಸಿಸೈಕ್ಲಿನ್ ಅನ್ನು ಮೂರರಿಂದ ಆರು ತಿಂಗಳು, ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ಬಿ12 ತುಂಬಿಸದೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ನರಗಳಿಗೆ ಹಾನಿಯಾಗಬಹುದು, ಹಾಗಾಗಿ ಬಿ12 ಮೊದಲು. ಇವರ ವಯಸ್ಸಿಗೆ, ಇಳಿದ ತೂಕಕ್ಕೆ ಕರುಳಿನ ಕ್ಷಯ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ), ಜಿಯಾರ್ಡಿಯಾ, ಗಡ್ಡೆ, ಎಚ್‌ಐವಿ, ರೋಗನಿರೋಧಕ ಶಕ್ತಿಯ ಕೊರತೆ ಎಲ್ಲವನ್ನೂ ನೋಡಲೇಬೇಕು. ಸಿ.ಟಿ. ಮತ್ತು ಕೊಲೊನೋಸ್ಕೋಪಿ ಎಂದರೆ ಹೆದರಬೇಡಿ. ಖಾಸಗಿ ಖರ್ಚು ಕಷ್ಟವಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಹೋಗುವಾಗ ಬಯಾಪ್ಸಿಯ ರಿಪೋರ್ಟ್ ಮಾತ್ರವಲ್ಲ, ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಲ್ಯಾಬಿನಿಂದ ಕೇಳಿ ತೆಗೆದುಕೊಂಡು ಹೋಗಿ. ಇನ್ನೊಬ್ಬ ತಜ್ಞರು ಅದನ್ನೇ ನೋಡಬಹುದು, ಮತ್ತೆ ಕೊಳವೆ ನುಂಗುವುದು ತಪ್ಪಬಹುದು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಿಟ್ ತರಿಸಿ ರಕ್ತ ಕಳಿಸಿದೆ. ಇನ್ನೂರು ಆಹಾರಗಳ ‘ಇನ್‌ಟಾಲರೆನ್ಸ್’ ಪಟ್ಟಿ ಬಂತು. ಗೋಧಿ, ಹಾಲು, ಮೊಟ್ಟೆ, ತೊಗರಿ, ಬಾಳೆಹಣ್ಣು ಎಲ್ಲ ಕೆಂಪು. ಟಿಟಿಜಿ, ಟೋಟಲ್ ಐಜಿಎ ಗೋಧಿ ತಿನ್ನುವಾಗಲೇ ಮಾಡಿಸಿದ್ದು, ಎರಡೂ ಸರಿ. ಆದರೂ ಚಪಾತಿ ತಿಂದರೆ ಹೊಟ್ಟೆ ಡೋಲು. ಏನು ತಿನ್ನಲಿ? – ಸಾಫ್ಟ್‌ವೇರ್ ಉದ್ಯೋಗಿ, ಎಚ್‌ಎಸ್‌ಆರ್ ಲೇಔಟ್

ಉತ್ತರ: ಆ ಪಟ್ಟಿಯನ್ನು ಹರಿದುಹಾಕಿ. ಅದು ಅಳೆಯುವುದು ಐಜಿಜಿ. ಒಂದು ಆಹಾರವನ್ನು ನೀವು ತಿನ್ನುತ್ತಿದ್ದೀರಿ ಎಂಬುದಕ್ಕಷ್ಟೇ ಅದು ಸಾಕ್ಷಿ, ಆಗುವುದಿಲ್ಲ ಎಂಬುದಕ್ಕಲ್ಲ. ದಿನಾ ಸಾರು ಉಣ್ಣುವವರಿಗೆ ತೊಗರಿ ಕೆಂಪಾಗಿ ಬರದೆ ಇನ್ನೇನು ಬಂದೀತು!

ನಿಮ್ಮ ಉಬ್ಬರ ಸುಳ್ಳಲ್ಲ. ಗೋಧಿಯಲ್ಲಿ ಗ್ಲುಟೆನ್ ಜೊತೆಗೆ ಫ್ರುಕ್ಟಾನ್ ಎಂಬ ಸಕ್ಕರೆಸರಪಣಿ ಇದೆ. ಸಣ್ಣ ಕರುಳಿನಲ್ಲಿ ಅದು ಯಾರಿಗೂ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಮೇವಾಗಿ ಗಾಳಿ ಏಳಿಸುತ್ತದೆ. ಸೂಕ್ಷ್ಮ ಕರುಳಿನವರಿಗೆ ಆ ಗಾಳಿಯೇ ನೋವು. ಇದೇ ಫ್ರುಕ್ಟಾನ್ ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಧಾರಾಳ. ಹಾಗಾಗಿ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಎರಡು ವಾರ ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ರಾಜ್ಮಾ, ಕಡಲೆಕಾಳು ಬಿಡಿ. ಹಾಲನ್ನೂ ಬಿಡಿ; ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಎಂದರೆ ಅರ್ಧ ಲೀಟರಿನ ಹತ್ತಿರ ಹಾಲು, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆರಾಮಾದ ಮೇಲೆ ಮೂರು ದಿನ ಅನ್ನದ ಜೊತೆ ಈರುಳ್ಳಿ ಹುಳಿ ಉಣ್ಣಿ, ಗೋಧಿ ಬೇಡ. ಮೂರು ದಿನ ಬಿಡುವು. ಆಮೇಲೆ ಮೂರು ದಿನ ಎರಡೆರಡು ಚಪಾತಿ, ಈರುಳ್ಳಿಯಿಲ್ಲದ ಪಲ್ಯದ ಜೊತೆ. ಇನ್ನೊಂದು ಬಿಡುವಿನ ನಂತರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಹಾಲು. ಹಾಲಿಗೆ ಉಬ್ಬರಿಸಿ ಮಜ್ಜಿಗೆಗೆ ಸುಮ್ಮನಿದ್ದರೆ ಲ್ಯಾಕ್ಟೋಸ್. ಈರುಳ್ಳಿಗೂ ಚಪಾತಿಗೂ ಒಂದೇ ಬಗೆಯ ಉಬ್ಬರವಾದರೆ ಫ್ರುಕ್ಟಾನ್. ಆಗ ಗ್ಲುಟೆನ್ ಮುಕ್ತ ಬಿಸ್ಕತ್ತಿಗೆ ಮೂರು ಪಟ್ಟು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ, ಪ್ರಮಾಣ ಇಳಿಸಿದರೆ ಸಾಕು. ಈ ಪಥ್ಯವನ್ನು ಆರು ವಾರದ ಮೇಲೆ ಎಳೆಯಬೇಡಿ.

ಚಪಾತಿ ತಿಂದ ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಉಸಿರು ಕಟ್ಟುವುದು ಇದ್ದರೆ ಅದು ಬೇರೆಯೇ ಕಥೆ, ಗೋಧಿ ಅಲರ್ಜಿ. ಅಲರ್ಜಿ ತಜ್ಞರಲ್ಲಿಗೆ ಹೋಗಿ, ಮನೆ ಪ್ರಯೋಗ ಬೇಡ.

ಪ್ರಶ್ನೆ: ಏಳು ವರ್ಷದ ಮಗನಿಗೆ ಸೀಲಿಯಾಕ್ ಎಂದು ಖಚಿತವಾಗಿ ಎಂಟು ತಿಂಗಳು. ಗೋಧಿ, ಮೈದಾ, ರವೆ ಮುಟ್ಟಿಸಿಲ್ಲ. ಆದರೂ ಟಿಟಿಜಿ ಆಗಲೂ ‘200ಕ್ಕಿಂತ ಹೆಚ್ಚು’, ಈಗಲೂ ಅಷ್ಟೇ. ಎಲ್ಲಿ ತಪ್ಪುತ್ತಿದೆ? – ತಾಯಿ, ಯಲಹಂಕ

ಉತ್ತರ: ಮೊದಲು ಅಂಕಿಯ ಮಾತು. ‘200ಕ್ಕಿಂತ ಹೆಚ್ಚು’ ಎಂದರೆ ಯಂತ್ರದ ಅಳತೆಗೋಲು ಅಲ್ಲಿಗೆ ಮುಗಿದಿದೆ ಎಂದರ್ಥ. ಆಗ 900 ಇದ್ದದ್ದು ಈಗ 250ಕ್ಕೆ ಇಳಿದಿದ್ದರೂ ರಿಪೋರ್ಟಿನಲ್ಲಿ ಒಂದೇ ಸಾಲು ಬರುತ್ತದೆ. ರಕ್ತದ ಮಾದರಿಯನ್ನು ತೆಳುಗೊಳಿಸಿ ಅಂತಿಮ ಅಂಕಿ ಕೊಡಲು ಆಗುತ್ತದೆಯೇ ಎಂದು ಲ್ಯಾಬಿನಲ್ಲಿ ಕೇಳಿ, ಮತ್ತು ಪ್ರತಿಸಲ ಅದೇ ಲ್ಯಾಬಿಗೆ ಹೋಗಿ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಶುರುವಿನಲ್ಲಿ ತೀರಾ ಹೆಚ್ಚಿದ್ದ ಮಕ್ಕಳಲ್ಲಿ ನಾರ್ಮಲ್‌ಗೆ ಬರಲು ವರ್ಷ ದಾಟುವುದು ಸಹಜ. ಎತ್ತರ, ತೂಕ ಏರುತ್ತಿದೆಯೇ, ಅದನ್ನು ನೋಡಿ.

ಇನ್ನು ಅಡುಗೆಮನೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿಂಗಳುಗಟ್ಟಲೆ ಹೋದರೆ ಕರುಳಿಗೆ ಹಾನಿಯಾಗುತ್ತದೆ. ಅದು ಅರ್ಧ ಗ್ರಾಂ ಗೋಧಿಹಿಟ್ಟು, ಒಂದು ಚಿಟಿಕೆ. ಹಾಗಾಗಿ ನೀವು ‘ಮುಟ್ಟಿಸಿಲ್ಲ’ ಎನ್ನುವುದು ನಿಜವಾಗಿದ್ದೂ ಚಿಟಿಕೆ ನುಸುಳಿರಬಹುದು.

ಮೊದಲ ಅನುಮಾನ ಇಂಗಿನ ಡಬ್ಬಿಯ ಮೇಲೆ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಅಪ್ಪಟ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಅನೇಕ ಬ್ರಾಂಡುಗಳಲ್ಲಿ ಆ ಹಿಟ್ಟು ಗೋಧಿಯದ್ದು. ಡಬ್ಬಿಯ ಹಿಂದೆ ಓದಿ, ಅಕ್ಕಿಹಿಟ್ಟು ಬೆರೆಸಿದ್ದನ್ನೇ ತನ್ನಿ. ಇಂಗು ಬದಲಿಸಿದಾಗ ಹಳೆಯ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ ಎಲ್ಲದರ ಲೇಬಲ್ಲನ್ನೂ ನೋಡಬೇಕು.

ಎರಡನೆಯದು ಮಿಲ್ಲು. ರಾಗಿ, ಅಕ್ಕಿ ಬೀಸಲು ಬಡಾವಣೆಯ ಹಿಟ್ಟಿನ ಗಿರಣಿಗೆ ಕೊಟ್ಟರೆ, ಹಿಂದಿನವರ ಗೋಧಿ ಕಲ್ಲಿನ ಸಂದಿಯಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಚೀಲದಲ್ಲಿ ಉಳಿದೇ ಇರುತ್ತದೆ. ಆ ಚೀಲವನ್ನು ಒಮ್ಮೆ ಒದರಿ ನೋಡಿ, ಗೊತ್ತಾಗುತ್ತದೆ. ‘ಮೊದಲ ಒಂದು ಕಿಲೋ ಬೇರೆಯವರಿಗೆ ಕೊಡಿ’ ಎಂಬ ಉಪಾಯ ಸಾಲದು. ಎರಡು ಕಿಲೋ ರಾಗಿ ಕೊಂಡು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಮನೆಯ ಮಿಕ್ಸಿಯಲ್ಲೇ ಸ್ವಲ್ಪ ಸ್ವಲ್ಪ ಪುಡಿ ಮಾಡಿಕೊಳ್ಳಿ. ಜರಡಿ ಹೊಸದೇ ಬೇಕು, ಹಳೆಯ ಜರಡಿಯ ಕಣ್ಣುಗಳಿಂದ ಗೋಧಿ ತೆಗೆಯಲು ಆಗುವುದಿಲ್ಲ. ಲಟ್ಟಣಿಗೆ, ಮಣೆ, ಎಣ್ಣೆ ಹೀರಿ ಕಪ್ಪಾದ ಕಬ್ಬಿಣದ ಕಾವಲಿ ಮಗುವಿಗೆ ಬೇರೆ ಇರಲಿ. ಸ್ಟೀಲ್ ಪಾತ್ರೆ ತೊಳೆದರೆ ಸಾಕು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪೂರಿ ಕರಿದ ಎಣ್ಣೆಯಲ್ಲಿ ಅವನ ಹಪ್ಪಳ ಕರಿಯಬೇಡಿ.

ಹೋಟೆಲು. ಬೆಂಗಳೂರಿನ ದರ್ಶಿನಿಯಲ್ಲಿ ಒಂದೇ ಕಾವಲಿ. ರವೆ ದೋಸೆ ಎದ್ದ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಒಮ್ಮೆ ಗುಡಿಸಿ, ಅದರ ಮೇಲೇ ನಿಮ್ಮ ಮಸಾಲೆ ದೋಸೆ ಹುಯ್ಯುತ್ತಾರೆ. ಗರಿಗರಿಯಾಗಲೆಂದು ಹಿಟ್ಟಿಗೇ ರವೆ ಅಥವಾ ಮೈದಾ ಸೇರಿಸುವವರೂ ಇದ್ದಾರೆ. ಇಡ್ಲಿ ಎಂದಾಗ ಅಕ್ಕಿಯದ್ದೋ ರವೆಯದ್ದೋ ಕೇಳಿ. ರವೆ ಇಡ್ಲಿ ನಮ್ಮೂರಿನದೇ ಹೆಮ್ಮೆ, ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವದಲ್ಲಿ ತಾವು ಮಾಡಿದ್ದೆಂದು ಎಂ.ಟಿ.ಆರ್.ನವರು ಹೇಳುತ್ತಾರೆ. ಮಗುವಿಗೆ ಮಾತ್ರ ಅದು ಚಪಾತಿಯಷ್ಟೇ ದೂರ. ಗೋಬಿ ಮಂಚೂರಿಗೆ ಮೈದಾ, ಅದಕ್ಕೆ ಹಾಕುವ ಸೋಯಾ ಸಾಸಿಗೆ ಗೋಧಿ. ಮದ್ದೂರು ವಡೆ, ನಿಪ್ಪಟ್ಟು, ಗೋಳಿಬಜೆ, ಕೋಡುಬಳೆಗಳಲ್ಲಿ ಮೈದಾ ಅಥವಾ ಚಿರೋಟಿ ರವೆ ಇದ್ದೇ ಇದೆ ಎಂದುಕೊಳ್ಳಿ.

ಪ್ರಸಾದದ ವಿಷಯ ಸೂಕ್ಷ್ಮ. ಸತ್ಯನಾರಾಯಣ ಪೂಜೆಯ ಸಪಾದ ರವೆಯದ್ದು, ‘ಒಂದು ಚೂರು, ದೇವರದ್ದು, ಏನಾಗಲ್ಲ’ ಎಂದು ಅಜ್ಜಿ ಬಾಯಿಗೆ ಇಟ್ಟೇಬಿಡುತ್ತಾರೆ. ಅಜ್ಜಿಯ ಜೊತೆ ವಾದಕ್ಕೆ ಇಳಿಯುವ ಬದಲು ಅವನ ಪಾಲಿಗೆ ಬಾಳೆಹಣ್ಣು, ಕಲ್ಲುಸಕ್ಕರೆಯನ್ನೂ ನೈವೇದ್ಯಕ್ಕೆ ಇಡಿಸಿ. ಶಾಲೆಯಲ್ಲಿ ಡಬ್ಬಿ ಹಂಚಿಕೊಳ್ಳುವುದು, ಹುಟ್ಟುಹಬ್ಬದ ಕೇಕು, ಮಾಲ್ಟ್ ಬೆರೆಸಿದ ಹಾಲಿನ ಪುಡಿ (ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ), ಆಟದ ಹಿಟ್ಟುಮುದ್ದೆ – ಇವನ್ನು ಟೀಚರ್‌ಗೆ ಒಂದು ಚೀಟಿಯಲ್ಲಿ ಬರೆದುಕೊಡಿ. ಪ್ಯಾಕೆಟ್‌ನಲ್ಲಿ ‘ಗ್ಲುಟೆನ್ ಮುಕ್ತ’ ಎಂದಿದ್ದರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ‘ಮಿಲೆಟ್’ ಎಂದು ದೊಡ್ಡದಾಗಿ ಬರೆದು ಸಣ್ಣದಾಗಿ ಗೋಧಿ ಸೇರಿಸಿದ ಶಾವಿಗೆ, ನೂಡಲ್ಸ್, ಬಿಸ್ಕತ್ತುಗಳು ಬೇಕಾದಷ್ಟಿವೆ.

ನಿಮಗೂ, ನಿಮ್ಮ ಯಜಮಾನರಿಗೂ, ಅವನ ಒಡಹುಟ್ಟಿದವರಿಗೂ ಟಿಟಿಜಿ ಮಾಡಿಸಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆಯುಂಟು, ಹೊಟ್ಟೆನೋವೇ ಇಲ್ಲದೆಯೂ. ಪರೀಕ್ಷೆ ಮುಗಿಯುವ ತನಕ ಅವರು ಗೋಧಿ ಬಿಡಬಾರದು.

ಪ್ರಶ್ನೆ: ಇದು ಉತ್ತರದವರ ಕಾಯಿಲೆ, ನಮಗೆ ಬರುವುದಿಲ್ಲ ಎನ್ನುತ್ತಾರೆ. ನಿಜವೇ? ರಾಗಿ, ಸಿರಿಧಾನ್ಯ, ಖಪ್ಲಿ ಗೋಧಿ ತಿನ್ನಬಹುದೇ? – ಬಸವೇಶ್ವರನಗರ

ಉತ್ತರ: ಅರ್ಧ ನಿಜ. 2016ರಲ್ಲಿ ಪ್ರಕಟವಾದ ಭಾರತದ ದೊಡ್ಡ ಸಮೀಕ್ಷೆಯಲ್ಲಿ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಸೀಲಿಯಾಕ್ ಕಂಡಿತು. ಜೀನ್ ಇರುವವರ ಪ್ರಮಾಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25. ರಾತ್ರಿ ಚಪಾತಿ, ಬೆಳಿಗ್ಗೆ ಬ್ರೆಡ್ಡು, ಸಂಜೆ ಪಫ್ ಆಗಿರುವ ಇವತ್ತಿನ ಬೆಂಗಳೂರಿನ ಮನೆಯವರು ಆ 25ರ ಮೇಲೆ ಭರವಸೆ ಇಟ್ಟು ಕೂರುವಂತಿಲ್ಲ.

ರಾಗಿ, ಜೋಳ, ಸಜ್ಜೆ, ಅಕ್ಕಿ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಬರಗು, ಊದಲು – ಯಾವುದರಲ್ಲೂ ಗ್ಲುಟೆನ್ ಇಲ್ಲ. ಓಟ್ಸ್‌ನಲ್ಲಿ ಸಹಜವಾಗಿ ಇಲ್ಲದಿದ್ದರೂ ಗೋಧಿ ಬೆರೆತಿರುವುದು ಸಾಮಾನ್ಯ, ಪ್ರಮಾಣಪತ್ರ ಇಲ್ಲದ್ದು ಬೇಡ. ಖಪ್ಲಿ ಗೋಧಿಯೇ. ‘ಹಳೆಯ ಕಾಲದ್ದು, ಹಗುರ’ ಎಂದು ಸಾವಯವ ಅಂಗಡಿಯವರು ಹೇಳಿದರೂ ಸೀಲಿಯಾಕ್ ಇರುವವರಿಗೆ ಅದು ಅಷ್ಟೇ ಅಪಾಯ. ಜವೆಗೋಧಿ ಎಂದರೆ ಕೆಲವು ಕಡೆ ಬಾರ್ಲಿ, ಕೆಲವು ಕಡೆ ಖಪ್ಲಿ. ಯಾವುದೇ ಆಗಲಿ, ಎರಡರಲ್ಲೂ ಗ್ಲುಟೆನ್ ಇದೆ.